ಇಪ್ಪತ್ತೆರಡು ತಾಸಿನ ವ್ರತ

ಬಸವಕಲ್ಯಾಣದಲ್ಲಿ ನನಗೆ ಯಾವುದಾದರೂ ವಿಷಯದಲ್ಲಿ ಪರಿಣತನೆಂಬ ಹೆಸರಿದ್ದರೆ ಅದು ಹಲ್ಲಿನ ವಿಷಯದಲ್ಲಿ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ, ಆ ಬಗ್ಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಯಾರ ಮನೆಯ ಮಗುವಿನ ಹಲ್ಲು ಬೆರಳಗಲ ಹೊರಗೆ ಬಂದರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ವಿಜ್ಞಾನ ಕಲಿಸುವ ರಹೀಮ್ ಸರ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತರು.

"ಸರ್, ನಿಮ್ಮ ಮಗಳು ಲೀಲಾಗ ಹಲ್ಲಿನ ಪ್ಲೇಟ್ ಹ್ಯಾಂಗ ಹಾಕಿಸಿದ್ರಿ? ನಮ್ಮ ಹುಡುಗ ಜರಾನೂ ಮಾತು ಕೇಳಾಕತ್ತಿಲ್ರಿ."

ಅವರ ಮಗನಿಗೆ ಹೈದರಾಬಾದಿನಲ್ಲಿ ಹೊಸ ಬಗೆಯ ಪ್ಲೇಟು ಮಾಡಿಸಿದ್ದಾರಂತೆ. ಗಾಜಿನ ಹಾಗೆ ಪಾರದರ್ಶಕ. ಬಾಯಲ್ಲಿದ್ದರೆ ಕಾಣುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಮೇಜಿನ ಮೇಲೆ ಮರೆತು ಹೋದರೂ ಕಾಣುವುದಿಲ್ಲ ಎಂಬುದು ರಹೀಮ್ ಸರ್ ಅವರ ದುಃಖ. ಹುಡುಗ ಹಾಕಿಕೊಂಡಿದ್ದಾನೋ ಇಲ್ಲವೋ ತಿಳಿಯಬೇಕಾದರೆ ಬಾಯೊಳಗೆ ಬೆರಳಿಟ್ಟು ನೋಡಬೇಕು. ಹದಿನಾಲ್ಕು ವರ್ಷದವರ ಬಾಯಲ್ಲಿ ಬೆರಳಿಡುವ ಧೈರ್ಯ ಯಾವ ತಂದೆಗಿದೆ?

"ಹೇಳತೀನ್ರಿ, ನಾಳೆ ಕೂತು ಮಾತಾಡೋಣು," ಎಂದೆ. ಅವರಿಗೆ ಕೇಳಿಸಲಿಲ್ಲ. ರಹೀಮ್ ಸರ್ ಅವರ ಎಡಗಿವಿ ಮಂದ. ಡಾಕ್ಟರು ಕಿವಿಗೆ ಮಷಿನ್ ಕೊಟ್ಟಿದ್ದಾರೆ, ಅದು ಅವರ ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಸುಖವಾಗಿದೆ. ಎದ್ದು ಅವರ ಬಲಗಡೆಗೆ ಹೋಗಿ ಮತ್ತೊಮ್ಮೆ ಹೇಳಿದೆ.

ನಾಳೆ ಎಂದು ಮುಂದೂಡಿದ್ದಕ್ಕೆ ಕಾರಣವಿದೆ. ಲೀಲಾಗೆ ಪ್ಲೇಟು ಹಾಕಿಸಿದ್ದು ನಾನಲ್ಲ. ನಾನು ಹಾಕಿಸಲು ಹೋಗಿ ಕೆಡಿಸಿದವನು. ಅದನ್ನು ಅವರಿಗೆ ಹೇಳಲು ನಾಲಿಗೆ ಪಳಗಿಸಿಕೊಳ್ಳಬೇಕಿತ್ತು. ನಿಮ್ಮ ಹತ್ತಿರ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಮನೆತನದ ಹಲ್ಲುಗಳಿಗೆ ಹೊರಗಿನ ಗಾಳಿಯ ಮೇಲೆ ಮೋಹ. ನನ್ನ ತಂದೆಗೆ ಇತ್ತು, ನನಗೆ ಇದೆ. ನನ್ನ ಮದುವೆಯ ಫೋಟೋ ನೋಡಿದವರು ಇವನಿಗೆ ಒತ್ತಾಯದ ಮದುವೆಯೇ ಎಂದು ಕೇಳುತ್ತಾರೆ. ಅಷ್ಟು ಬಿಗಿಯಾಗಿ ತುಟಿ ಮುಚ್ಚಿಕೊಂಡಿದ್ದೇನೆ. ಖರೇ ಹೇಳಬೇಕೆಂದರೆ ಅಂದು ನನ್ನಷ್ಟು ಖುಷಿಯಾಗಿದ್ದವನು ಇಡೀ ತಾಲೂಕಿನಲ್ಲಿ ಇರಲಿಲ್ಲ. ಆಮೇಲೆ ಮೀಸೆ ಬೆಳೆಸಿದೆ. ನಗು ಬಂದಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ, ಕ್ಲಾಸಿನಲ್ಲಾದರೆ ಹಾಜರಿ ಪುಸ್ತಕ ಹೋಗುತ್ತದೆ. ಮೇಷ್ಟ್ರು ಬಹಳ ಸಭ್ಯರು, ನಕ್ಕರೂ ಸದ್ದಿಲ್ಲ ಎಂದು ಜನ ಹೊಗಳಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಇದರಲ್ಲಿ ನನ್ನದಷ್ಟೇ ತಪ್ಪಲ್ಲ, ನಮ್ಮ ಭಾಷೆಯದ್ದೂ ಇದೆ. ಕನ್ನಡದಲ್ಲಿ ಹಲ್ಲು ತೋರಿಸಿ ಮರ್ಯಾದೆ ಗಳಿಸಿದವರಿಲ್ಲ. ಹಲ್ಲು ಕಿರಿದರೆ ಅವಮಾನ, ಹಲ್ಲು ಗಿಂಜಿದರೆ ದೈನ್ಯ, ಹಲ್ಲು ಕಡಿದರೆ ಸಿಟ್ಟು. ಹಲ್ಲು ಕಚ್ಚಿಕೊಂಡು ಬಾಯಿ ಮುಚ್ಚಿದವನಿಗೆ ಮಾತ್ರ ಸಹನಶೀಲನೆಂಬ ಬಿರುದು. ಇಂಥ ಭಾಷೆಯಲ್ಲಿ ಹುಟ್ಟಿದ ಉಬ್ಬುಹಲ್ಲಿನವನು ಗಣಿತದ ಮೇಷ್ಟ್ರಾಗದೆ ಮತ್ತೇನಾಗಬೇಕು? ಗಣಿತದ ಕ್ಲಾಸಿನಲ್ಲಿ ಯಾರೂ ನಗುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಒಬ್ಬಳೇ ಮಗಳು ಶಿವಲೀಲಾ, ಮನೆಯಲ್ಲಿ ಲೀಲಾ, ಒಂಬತ್ತನೆಯ ಇಯತ್ತೆಯಲ್ಲಿದ್ದಳು. ಒಂದು ದಿನ ಜಡೆ ಹಾಕಿಕೊಳ್ಳುತ್ತ ಕನ್ನಡಿಯೊಳಗಿಂದಲೇ ಕೇಳಿದಳು: "ಪಪ್ಪಾ, ನನ್ನ ಹಲ್ಲು ಒಳಗ ಹೋಗತಾವೇನು?" ಕ್ಲಾಸಿನಲ್ಲಿ ಯಾರೋ ಅವಳಿಗೆ ತುರಿಮಣಿ ಎಂದು ಹೆಸರಿಟ್ಟಿದ್ದರು. ಕೊಬ್ಬರಿ ತುರಿಯುವ ತುರಿಮಣೆ. ಅಂದಿನಿಂದ ಅವಳು ಗಟ್ಟಿಯಾಗಿ ಪಾಠ ಓದುವುದನ್ನು ಬಿಟ್ಟಿದ್ದಳು, ನಕ್ಕರೆ ಅಂಗೈ ಅಡ್ಡ ಇಡುತ್ತಿದ್ದಳು. ಆ ಪ್ರಶ್ನೆ ನನ್ನ ಎದೆಗೆ ನಾಟಿತು. ಅದೇ ವಯಸ್ಸಿನಲ್ಲಿ ನನ್ನ ಅಪ್ಪನ ಹತ್ತಿರ ಕೇಳಬೇಕೆಂದು ಹೋಗಿ ಕೇಳದೆ ಬಂದ ಪ್ರಶ್ನೆ ಅದು. ನನ್ನ ಮಗಳು ಮದುವೆಯ ಫೋಟೋದಲ್ಲಿ ಬಾಯಿ ಮುಚ್ಚಿ ನಿಲ್ಲಬಾರದು ಎಂದು ಅಂದೇ ನಿಶ್ಚಯಿಸಿದೆ.

ಹುಮನಾಬಾದಿನಲ್ಲಿ ಒಬ್ಬ ದಂತವೈದ್ಯರಿದ್ದರು. ನಮ್ಮ ತಾಯಿಗೆ ಹಲ್ಲಿನ ಸೆಟ್ ಮಾಡಿಕೊಟ್ಟವರೂ ಅವರೇ. ಲೀಲಾಳ ಬಾಯಿಗೆ ಕಣಕದಂಥದ್ದೇನೋ ಒತ್ತಿ ಅಚ್ಚು ತೆಗೆದರು. ಎರಡು ವಾರಕ್ಕೆ ಅಂಗುಳಿಗೆ ಕೂರುವ ಗುಲಾಬಿ ಬಣ್ಣದ ಪ್ಲೇಟು ಬಂತು, ಮುಂದೆ ಹಲ್ಲುಗಳ ಮೇಲೆ ಹಾಯುವ ಒಂದು ತಂತಿ. ಬೇಕಾದಾಗ ತೆಗೆಯಬಹುದು, ಹಾಕಬಹುದು. ಆ ಸೌಕರ್ಯವೇ ನಮ್ಮ ಶನಿ.

"ದಿನಕ್ಕ ಇಪ್ಪತ್ತೆರಡು ತಾಸು ಬಾಯಾಗ ಇರಬೇಕು ನೋಡವ್ವಾ," ಎಂದರು ಡಾಕ್ಟರು. "ಉಣ್ಣಾಕ, ತೊಳಿಯಾಕ ಎರಡ ತಾಸು ಸೂಟಿ. ಹಲ್ಲಂದ್ರ ನಾಯಿ ಬಾಲ. ಕಟ್ಟಿದ ಬಿದಿರ ದಬ್ಬಿ ಬಿಚ್ಚಿದ್ರ ಮತ್ತ ಡೊಂಕು."

ಇಪ್ಪತ್ತೆರಡು ಎಂಬ ಅಂಕಿ ಕಿವಿಗೆ ಬಿದ್ದದ್ದೇ ನನ್ನೊಳಗಿನ ಗಣಿತದ ಮೇಷ್ಟ್ರು ಎದ್ದು ಕೂತ. ಮನೆಗೆ ಬಂದವನೇ ಗ್ರಾಫ್ ಹಾಳೆಯ ಮೇಲೆ ಚಾರ್ಟು ಬರೆದು ಗೋಡೆಗೆ ಅಂಟಿಸಿದೆ. ಹಾಕಿದ ವೇಳೆ, ತೆಗೆದ ವೇಳೆ, ತಿಂಗಳ ಸರಾಸರಿ. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದು ತಪಾಸಣೆ ಮಾಡಿದೆ. ಪ್ರತಿ ಸಲವೂ ಪ್ಲೇಟು ಬಾಯಲ್ಲೇ ಇರುತ್ತಿತ್ತು. ಚಾರ್ಟಿನಲ್ಲಿ ಇಪ್ಪತ್ತೆರಡರ ಗೆರೆ ಮೇಜಿನ ಅಂಚಿನಷ್ಟು ನೆಟ್ಟಗೆ ಹೋಯಿತು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮಕ್ಕಳನ್ನು ಬೆಳೆಸುವ ಬಗೆ ಹೇಳತೊಡಗಿದೆ. ನನ್ನ ಕೀರ್ತಿ ಶುರುವಾದದ್ದು ಆಗಲೇ.

ಮೂರನೆಯ ತಿಂಗಳು ಹುಮನಾಬಾದಿಗೆ ಹೋದಾಗ ಡಾಕ್ಟರು ಪ್ಲೇಟನ್ನು ಕೂರಿಸಲು ನೋಡಿದರು. ಕೂರಲಿಲ್ಲ. ಲೀಲಾ "ಆಂ" ಎಂದಳು.

"ಎಷ್ಟ ತಾಸು ಹಾಕ್ಕೋತಾಳ್ರಿ?"

ನಾನು ಕೈಚೀಲದಿಂದ ಚಾರ್ಟು ಬಿಡಿಸಿ ತೋರಿಸಿದೆ. ಡಾಕ್ಟರು ಅದನ್ನು ಬಹಳ ಗೌರವದಿಂದ ನೋಡಿ ಮಡಿಸಿ ವಾಪಸು ಕೊಟ್ಟರು. "ಸರ್, ಚಾರ್ಟ್ ಛಲೋ ಅದ. ಆದ್ರ ಪ್ಲೇಟ್ ಸುಳ್ಳು ಹೇಳೂದಿಲ್ರಿ. ಇದು ಬಾಯಾಗ ಇದ್ದ ಪ್ಲೇಟ್ ಅಲ್ಲ."

ಆಮೇಲೆ ಹೆಂಡತಿ ಸುವರ್ಣಾ ಹೇಳಿದಳು: ನನ್ನ ಸ್ಕೂಟರಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿದ ಕೂಡಲೇ ಲೀಲಾ ಕಪಾಟಿನ ಕಡೆ ಓಡುತ್ತಿದ್ದಳಂತೆ. ಪ್ಲೇಟು ಅವಳ ಬಾಯಲ್ಲಿ ಇರುತ್ತಿದ್ದದ್ದು ನಾನು ಎದುರಿಗೆ ಇದ್ದಷ್ಟು ಹೊತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಇಷ್ಟ ಖುಷಿಲೇ ಚಾರ್ಟ್ ತುಂಬಾಕತ್ತಿದ್ರಿ, ಹ್ಯಾಂಗ ಹೇಳಲಿ?" ಎಂದಳು.

ಡಾಕ್ಟರು ಅದನ್ನೇ ಉಜ್ಜಿ, ತಂತಿ ತಿದ್ದಿ ಹೇಗೋ ಕೂರಿಸಿದ್ದರು. ಅದರ ಮುಂದಿನ ವಾರ ಹಳ್ಳಿಖೇಡದಲ್ಲಿ ನಮ್ಮ ನೆಂಟರ ಮದುವೆ. ಕಬ್ಬು ನುರಿಸುವ ಕಾಲ, ದಾರಿಯುದ್ದಕ್ಕೂ ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರುಗಳ ಸಾಲು, ಮುಹೂರ್ತ ತಪ್ಪಿಸಿಕೊಂಡು ಸೀದಾ ಊಟಕ್ಕೇ ತಲುಪಿದೆವು. ನಮ್ಮ ಕಡೆ ಮದುವೆಯಲ್ಲಿ ಊಟಕ್ಕೆ ಕೂತವರಿಗೆ ಬಡಿಸುವವರು ದಯೆ ತೋರಿಸುವುದಿಲ್ಲ. ಹುಗ್ಗಿ ಬೇಡ ಎಂದರೆ ಎರಡು ಸೌಟು ಹೆಚ್ಚು ಬೀಳುತ್ತದೆ. ಅದರ ಮಧ್ಯೆ ಹುಡುಗಿ ಬಾಯಿಂದ ಪ್ಲೇಟು ತೆಗೆದು ಎಲ್ಲಿಡಬೇಕು? ಪೇಪರಿನ ತುಂಡಿನಲ್ಲಿ ಸುತ್ತಿ ಪತ್ರಾವಳಿಯ ಅಂಚಿನ ಕೆಳಗೆ ಸರಿಸಿದಳು. ಉಂಡು ಎದ್ದಳು. ಬಸ್ಸು ಹತ್ತುವಾಗ ನೆನಪಾಯಿತು.

ಚಪ್ಪರದ ಹಿಂದೆ ಎಂಜಲೆಲೆಗಳ ಗುಡ್ಡ ಎದ್ದಿತ್ತು. ನಾನು ಸಫಾರಿಯ ತೋಳು ಮಡಿಸಿಕೊಂಡು ಒಂದೊಂದೇ ಎಲೆ ಎತ್ತತೊಡಗಿದೆ. ಆ ಕಡೆಯಿಂದ ಒಂದು ಎಮ್ಮೆಯೂ ಅದೇ ಕೆಲಸ ಮಾಡುತ್ತಿತ್ತು, ನನಗಿಂತ ಹೆಚ್ಚು ಶಿಸ್ತಿನಿಂದ. ಹಿಂದಿನಿಂದ ಯಾರೋ "ನಮಸ್ಕಾರ್ರಿ ಸರ್," ಎಂದರು. ನನ್ನ ಹಳೆಯ ವಿದ್ಯಾರ್ಥಿ, ಈಗ ಸಕ್ಕರೆ ಫ್ಯಾಕ್ಟರಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ.

"ಏನ್ ಹುಡಕಾಕತ್ತೀರಿ ಸರ್?"

"ಹಲ್ಲಿಂದು," ಎಂದೆ.

ಅವನು ನನ್ನ ಬಾಯಿ ನೋಡಿದ, ಎಲೆಗಳನ್ನು ನೋಡಿದ. ಮುಂದೆ ಏನೂ ಕೇಳದೆ ಪ್ಯಾಂಟು ಮಡಿಸಿಕೊಂಡು ತಾನೂ ಹುಡುಕಲು ನಿಂತ. ಅಂಥ ವಿದ್ಯಾರ್ಥಿಗಳು ಈಗ ಸಿಗುವುದಿಲ್ಲ. ಪ್ಲೇಟು ಸಿಕ್ಕಿತು, ಎರಡು ತುಂಡಾಗಿ.

ಹುಮನಾಬಾದಿನ ಡಾಕ್ಟರು ಈ ಸಲ ಚಾರ್ಟು ಕೇಳಲಿಲ್ಲ. "ವಯಸ್ಸು ಮೀರಾಕತ್ತದ್ರಿ. ಇನ್ನೊಂದ ಸಲ ಮಾಡಿಕೊಡ್ತೀನಿ. ಅದೂ ಹಿಂಗ ಆದ್ರ ಮತ್ತ ನನ್ನ ಕಡೆ ಬರಬ್ಯಾಡ್ರಿ," ಎಂದರು. ಲೀಲಾ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮುಖ ಕಾಣದಿದ್ದರೂ ಅಳುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಅಪ್ಪಂದಿರಿಗೆ ದುಃಖ ಬಂದರೆ ಅದು ಬೈಗುಳವಾಗಿ ಹೊರಗೆ ಬರುತ್ತದೆ. ಮನೆ ಮುಟ್ಟುವ ತನಕ ತಡೆದುಕೊಂಡಿದ್ದು ಪಡಸಾಲೆಯಲ್ಲಿ ಸುರಿದುಬಿಟ್ಟೆ. ಶಿಸ್ತು, ನಿಷ್ಠೆ, ಮಾತು ಕೊಟ್ಟರೆ ಉಳಿಸಿಕೊಳ್ಳುವುದು, ಏನೇನೋ ಹೇಳಿದೆ.

ಲೀಲಾ ಎಲ್ಲವನ್ನೂ ಕೇಳಿಸಿಕೊಂಡು, ಮೂಗು ಒರೆಸಿಕೊಂಡು ಎದ್ದು ನಿಂತಳು.

"ಎಲ್ಲಾರೂ ನನಗೇ ಹೇಳತೀರಿ. ಆಯಿ ಹಲ್ಲು ಡಬ್ಬ್ಯಾಗ ಅವ. ಮಮ್ಮಿ ಮೊಣಕಾಲಿನ ಪಟ್ಟಿ ಕಪಾಟಿನ್ಯಾಗ ಅದ. ನಿಮ್ಮ ಚಷ್ಮಾ ಕಿಸೇದಾಗ ಅದ, ಪೇಪರ್ ಅಷ್ಟ ದೂರ ಹಿಡಿದು ಓದತೀರಿ. ನನ್ನ ಬಾಯಿ ಒಂದೇ ಸರ್ಕಾರಿ ಜಾಗ ಏನು, ಎಲ್ಲಾರೂ ಬಂದು ಬೋರ್ಡ್ ಹಾಕಾಕ?"

ಆಯಿ ಎಂದರೆ ನನ್ನ ತಾಯಿ. ಮನೆಯಲ್ಲಿ ಎಲ್ಲರಿಗೂ ಅವಳು ಆಯಿಯೇ, ನನಗೂ. ಅವಳ ಹಲ್ಲಿನ ಸೆಟ್ ಎರಡು ವರ್ಷದಿಂದ ಅಡುಗೆಮನೆಯಲ್ಲಿ ಶೇಂಗಾ ಚಟ್ನಿಯ ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿಯಲ್ಲಿತ್ತು. ಹಾಕಿಕೊಂಡರೆ "ಬಾಯಾಗ ಬೀಗರು ಬಂದು ಕೂತಂಗ ಆಗತದ" ಎಂಬುದು ಅವಳ ತಕರಾರು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದಳು.

ಆಯಿ ನಗಲಿಲ್ಲ, ಬೈಯಲಿಲ್ಲ. ಕೊರಳಿನ ಶಿವದಾರ ಹಿಡಿದು, ಬಿಳಿ ವಸ್ತ್ರದಲ್ಲಿ ಸುತ್ತಿದ ತನ್ನ ಇಷ್ಟಲಿಂಗವನ್ನು ಎದೆಯ ಮೇಲೆ ಸರಿಪಡಿಸಿಕೊಂಡಳು.

"ಹುಡುಗಿ ಖರೇ ಹೇಳಾಕತ್ತಾಳ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇದನ್ನ ನಾ ಎಂಟು ವರ್ಷದಾಕಿ ಇದ್ದಾಗ ಕಟ್ಯಾರ. ಇವತ್ತಿನ ತನಕ ಮೈಬಿಟ್ಟು ಇಳಿಸಿಲ್ಲ. ದಿನಕ್ಕ ಇಷ್ಟ ತಾಸು ಅಂತ ನನಗ ಯಾರರೇ ಚಾರ್ಟ್ ಬರದು ಕೊಟ್ಟಿದ್ರೇನು? ಎಣಿಸಿದ್ರ ಭಾರ ಆಗತದಪ್ಪಾ. ಎಣಿಸೂದು ಬಿಟ್ರ ಮೈಯಾಗಿನ ಎಲುವು ಆಗತದ. ಮೊದಲ ಆ ಕಾಗದ ಹರಿ."

ಹರಿದೆ.

ಹೊಸ ಪ್ಲೇಟು ಬಂದ ದಿನ ಆಯಿ ನನ್ನ ಹಳೆಯ ಗೆರೆ ಅಂಗಿಯೊಂದನ್ನು ಕತ್ತರಿಸಿ ಎರಡು ಚೀಲ ಹೊಲಿದಳು, ಅಂಗೈಯಷ್ಟು, ಕೊರಳಿಗೆ ಹಾಕಿಕೊಳ್ಳುವ ದಾರದ ಸಮೇತ. ಒಂದು ಲೀಲಾಳ ಪ್ಲೇಟಿನ ಡಬ್ಬಿಗೆ, ಇನ್ನೊಂದು ತನ್ನ ಹಲ್ಲಿನ ಡಬ್ಬಿಗೆ. ಮೈಬಿಟ್ಟರೆ ಮರೆತುಹೋಗುತ್ತದೆ, ಆದ್ದರಿಂದ ಬಾಯಲ್ಲಿರಬೇಕು, ಇಲ್ಲವೆ ಕೊರಳಲ್ಲಿರಬೇಕು, ಮೂರನೆಯ ಜಾಗ ಇಲ್ಲ. ಇದು ಅವಳ ಕಾನೂನು. "ನೀ ಹಾಕ್ಕೊಂಡ್ರ ನಾ ಹಾಕ್ಕೋತೀನಿ. ಊಟಕ್ಕಲ್ಲದ ನೀ ತೆಗದ್ರ ನಾನೂ ತೆಗೀತೀನಿ. ನಾ ರೊಟ್ಟಿ ನುಂಗಿ ಹೊಟ್ಟಿ ನೋವು ಬಂದ್ರ ಪಾಪ ನಿನಗ," ಎಂದು ಮೊಮ್ಮಗಳ ಕೈಯಲ್ಲಿ ಕೈಯಿಟ್ಟಳು. ನನ್ನ ಬುದ್ಧಿವಾದ ಮೂರು ತಿಂಗಳಲ್ಲಿ ಮಾಡದ್ದನ್ನು ಈ ಬೆದರಿಕೆ ಮೂರು ದಿನದಲ್ಲಿ ಮಾಡಿತು. ಊಟವಾದ ಕೂಡಲೇ ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡುತ್ತಿದ್ದರು. ಆಯಿ ಸದ್ದಿಲ್ಲದೆ ಹಲ್ಲು ಇಳಿಸಿ ಮಲಗಲು ನೋಡಿದರೆ ಲೀಲಾ "ಆಯೀ!" ಎನ್ನುತ್ತಿದ್ದಳು. ನಾನೂ ಮರ್ಯಾದೆಗೆ ಅಂಜಿ ಚಷ್ಮಾ ಏರಿಸಿದೆ. ಪೇಪರಿನಲ್ಲಿ ಇಷ್ಟೊಂದು ಸುದ್ದಿ ಬರುತ್ತದೆಂದು ಗೊತ್ತೇ ಇರಲಿಲ್ಲ.

ಇಲ್ಲಿ ನಮ್ಮ ಊರಿನಲ್ಲಷ್ಟೇ ಆಗಬಹುದಾದ ಒಂದು ಯಡವಟ್ಟು ಆಯಿತು. ಎದುರು ಮನೆಯ ಗುರಮ್ಮ ಬಲು ಭಕ್ತೆ. ಅವಳು ಏನು ಕಂಡಳು? ಮೇಷ್ಟ್ರ ಮಗಳ ಕೊರಳಲ್ಲಿ ಚೀಲ. ಉಣ್ಣುವ ಮೊದಲು ಹುಡುಗಿ ನಾಚಿಕೆಯಿಂದ ಗೋಡೆಯ ಕಡೆ ತಿರುಗುತ್ತಾಳೆ, ತಲೆ ಬಗ್ಗಿಸುತ್ತಾಳೆ, ಚೀಲ ಬಿಚ್ಚುತ್ತಾಳೆ, ಎರಡು ಕೈ ಮುಖದ ಹತ್ತಿರ ಒಯ್ಯುತ್ತಾಳೆ, ಮತ್ತೆ ಕಟ್ಟುತ್ತಾಳೆ. ಉಂಡ ಮೇಲೆ ಬಾಯಿ ತೊಳೆದು ಮತ್ತೊಮ್ಮೆ. ಹುಡುಗಿಗೆ ಲಿಂಗದೀಕ್ಷೆಯಾಗಿದೆ ಎಂದೇ ಗುರಮ್ಮ ತಿಳಿದಳು. ಗೆರೆ ಅಂಗಿಯ ಚೀಲದಲ್ಲಿ ಯಾರೂ ಲಿಂಗ ಇಡುವುದಿಲ್ಲ ಎಂಬುದು ಅವಳ ಭಕ್ತಿಗೆ ಅಡ್ಡ ಬರಲಿಲ್ಲ. "ಉಣ್ಣಾಕಿಂತ ಮೊದಲೂ ಪೂಜಿ, ಉಂಡ ಮ್ಯಾಲೂ ಪೂಜಿ! ನೀವು ನೋಡಿ ಕಲೀರಿ," ಎಂದು ತನ್ನ ಹೆಣ್ಣುಮಕ್ಕಳಿಗೆ ಹೇಳಿದಳು. ಶ್ರಾವಣದ ಪುರಾಣಕ್ಕೆ ಹೋದರೆ ಹೆಂಗಸರು ಸರಿದು ಲೀಲಾಗೆ ಮುಂದೆ ಜಾಗ ಕೊಟ್ಟರು. ಒಂದು ದಿನ ಚೀಲ ಮರೆತು ಅಂಗಡಿಗೆ ಹೋದರೆ ಓಣಿಯಲ್ಲಿ ನಾಲ್ಕು ಜನ ತಡೆದು ಕೇಳಿದರು: "ಯಾಕವ್ವಾ, ಕೊರಳು ಖಾಲಿ?" ಸ್ಕೂಟರಿನ ಸದ್ದು ಕೇಳಿ ತಪ್ಪಿಸಿಕೊಳ್ಳಬಹುದು. ಇಡೀ ಓಣಿಯಿಂದ ತಪ್ಪಿಸಿಕೊಳ್ಳುವುದು ಹೇಗೆ?

ನಾನು ಒಳಗೊಳಗೇ ಖುಷಿಪಟ್ಟೆ, ಇದು ಹೀಗೇ ನಡೆಯಲಿ ಎಂದುಕೊಂಡೆ. ಆಯಿ ಒಪ್ಪಲಿಲ್ಲ. ವಿಷಯ ಅವಳ ಕಿವಿಗೆ ಬಿದ್ದ ದಿನವೇ ಲೀಲಾಳನ್ನು ಕರೆದುಕೊಂಡು ಎದುರು ಮನೆಗೆ ಹೋಗಿ, ಚೀಲ ಬಿಚ್ಚಿ ಡಬ್ಬಿ ತೆಗೆದು ತೋರಿಸಿದಳು. "ಇದು ಲಿಂಗ ಅಲ್ಲವ್ವಾ ಗುರಮ್ಮಾ, ಹಲ್ಲಿನ ಪ್ಲೇಟ್. ಲಿಂಗದ ಹೆಸರಿನ್ಯಾಗ ಸುಳ್ಳು ಬ್ಯಾಡ."

ಗುರಮ್ಮ ಗುಲಾಬಿ ಪ್ಲೇಟನ್ನು ನೋಡಿ ಕೆಂಪಾದಳು. ಆದರೆ ಸೋಲುವವಳಲ್ಲ. "ಆಗಲಿ ಬಿಡ್ರಿ, ನಿಷ್ಠಿ ಅಂತೂ ಖರೇ ಅದಲ್ಲ," ಎಂದಳು. ಓಣಿಯವರು ಕೇಳುವುದನ್ನು ಬಿಡಲಿಲ್ಲ. ಕೇಳುವ ರೂಢಿ ಬಿದ್ದುಹೋಗಿತ್ತು.

ಒಂದೂವರೆ ವರ್ಷ ಕಳೆಯಿತು. ಹುಮನಾಬಾದಿನ ಬಸ್ಸಿನ ಕಂಡಕ್ಟರುಗಳಿಗೆಲ್ಲ ನಮ್ಮ ಮುಖ ಪಾಠವಾಯಿತು. ಕೊನೆಯ ಸಲ ಆಯಿಯೂ ಜೊತೆಗೆ ಬಂದಳು. ಡಾಕ್ಟರು ಲೀಲಾಳ ಬಾಯೊಳಗೆ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಶಾಬಾಸ್! ಎಲ್ಲಾ ಬರೋಬ್ಬರ್ ಕೂತಾವ. ಈಗ ಒಂದು ಸಲ ಛಂದಾಗಿ ನಗು, ನೋಡೋಣು," ಎಂದರು.

ಲೀಲಾ ನಕ್ಕಳು. ಅಂಗೈ ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು.

ಒಂದೂವರೆ ವರ್ಷ ಹಲ್ಲುಗಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಳಗೆ ತಂದಿದ್ದೆವು, ಕೈಯನ್ನು ಕೆಳಗೆ ತರಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. "ಕೈ ತಗಿ ಲೀಲಾ," ಎಂದೆ. ತೆಗೆದಳು, ನಗು ಹೋಯಿತು. ನಗು ಬಂತು, ಕೈ ಬಂತು. ಆ ಪೇಚು ನೋಡಿ ಡಾಕ್ಟರು ನಕ್ಕರು, ನನಗೂ ನಗು ಬಂತು.

ಆಯಿ ನನ್ನನ್ನೇ ನೋಡುತ್ತಿದ್ದಳು. "ಅಕೀಗ್ಯಾಕ ಹೇಳತೀ?" ಎಂದಳು. "ನಿನ್ನ ಕೈ ಎಲ್ಲದ ನೋಡ್ಕೋ."

ನೋಡಿಕೊಂಡೆ. ನನ್ನ ಬಲಗೈ ನನ್ನ ಬಾಯಿಯ ಮೇಲಿತ್ತು.

"ಹಲ್ಲು ನಿಮ್ಮ ಅಪ್ಪಂದು. ಕೈ ಮಾತ್ರ ನಿಂದು ಕಲತಾಳ," ಎಂದಳು ಆಯಿ.

ಹುಮನಾಬಾದಿನಿಂದ ಬಸವಕಲ್ಯಾಣದವರೆಗಿನ ದಾರಿ ಅಂದು ಬಹಳ ಉದ್ದವಾಯಿತು. ತುರಿಮಣಿ ಎಂದು ಹೆಸರಿಟ್ಟವರ ಮೇಲೆ ನಾನು ಎರಡು ವರ್ಷ ಸಿಟ್ಟಿನಲ್ಲಿದ್ದೆ. ಆ ಹೆಸರಿಗೂ ಮೊದಲೇ, ಅವಳು ತೊಟ್ಟಿಲಲ್ಲಿದ್ದಾಗಿನಿಂದ, ನಕ್ಕರೆ ಮುಚ್ಚಿಕೊಳ್ಳಬೇಕು ಎಂದು ದಿನಾ ಎದುರಿಗೆ ಕೂತು ಕಲಿಸಿದವನು ನಾನೇ. ಅದೊಂದು ಪಾಠವನ್ನು ಚಾರ್ಟಿಲ್ಲದೆ, ಬೈಗುಳವಿಲ್ಲದೆ, ಚೆನ್ನಾಗಿ ಕಲಿಸಿದ್ದೆ. ನಾಚಿಕೆಯಾಯಿತು. ಪಕ್ಕದಲ್ಲಿ ಕೂತ ಮಗಳಿಗೆ ಮೆಲ್ಲಗೆ ಹೇಳಿದೆ: "ನಾನೂ ಹಾಕ್ಕೋತೀನವ್ವಾ ಪ್ಲೇಟು. ಕೈಗೆ." ಅವಳು ನನ್ನ ಬಲಗೈ ಹಿಡಿದುಕೊಂಡಳು. ಊರು ಬರುವ ತನಕ ಬಿಡಲಿಲ್ಲ.

ಅಂದಿನಿಂದ ಮನೆಯಲ್ಲಿ ಹೊಸ ವ್ರತ. ನಾನು ನಕ್ಕರೆ ಅವಳು "ಪಪ್ಪಾ, ಕೈ!" ಎನ್ನುವುದು, ಅವಳು ನಕ್ಕರೆ ನಾನು. ಆಗಲೇ ಆಯಿ ಎಲ್ಲರೂ ಸೇರಿ ಒಂದು ಫೋಟೋ ತೆಗೆಸಬೇಕೆಂದು ಹಟ ಹಿಡಿದಳು. ಕೋಟೆಯ ದಾರಿಯ ಸ್ಟುಡಿಯೋದಲ್ಲಿ ಸಾಲಾಗಿ ನಿಂತೆವು. ಲೀಲಾ ಒಂದು ಕೈಯಲ್ಲಿ ನನ್ನ ಬಲಗೈಯನ್ನು, ಇನ್ನೊಂದರಲ್ಲಿ ಆಯಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ನನ್ನ ಎಡಗೈ ಸುವರ್ಣಾಳ ವಶದಲ್ಲಿತ್ತು. ಫೋಟೋದವನು ರೆಡಿ ಎನ್ನುವಷ್ಟರಲ್ಲಿ ಆಯಿ "ತಡಿಯಪ್ಪಾ, ಕಚ್ಚಾಕತ್ತಾವ," ಎಂದು ಖಾಲಿ ಇದ್ದ ಕೈಯಿಂದ ಹಲ್ಲಿನ ಸೆಟ್ ಕಳಚಿ ಕೊರಳಿನ ಗೆರೆ ಚೀಲಕ್ಕೆ ಹಾಕಿ, ಬೊಚ್ಚು ಬಾಯಿ ತೆರೆದು "ಹೂಂ, ಈಗ ಹೊಡಿ," ಎಂದಳು. ನಾವೆಲ್ಲ ನಕ್ಕೆವು. ಮುಚ್ಚಿಕೊಳ್ಳಲು ನನ್ನ ಕೈಗೂ ಲೀಲಾಳ ಕೈಗೂ ಬಿಡುವಿರಲಿಲ್ಲ.

ನಿನ್ನೆ ರಹೀಮ್ ಸರ್ ಅವರಿಗೆ ತೋರಿಸಲು ಆ ಫೋಟೋವನ್ನೇ ಒಯ್ದಿದ್ದೆ. ಆಯಿ ಈಗಿಲ್ಲ. ನೆಟ್ಟಗಿನ ಹಲ್ಲುಗಳ ಮಗಳು, ಡೊಂಕು ಹಲ್ಲುಗಳ ಅಪ್ಪ, ಒಂದೂ ಇಲ್ಲದ ಅಜ್ಜಿ. ನೋಡಿದವರ ಕಣ್ಣು ಮೊದಲು ಹೋಗುವುದು ಅಜ್ಜಿಯ ನಗುವಿನ ಮೇಲೆ. ಇಡೀ ಕಥೆಯನ್ನು ಅವರಿಗೆ ಹೇಳಿದೆ, ಚಾರ್ಟಿನಿಂದ ಕೈಯ ತನಕ. ಅವರು ಫೋಟೋ ನೋಡುತ್ತ ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ತಲೆ ಎತ್ತಿದರು.

"ಫೋಟೋ ಛಲೋ ಅದ್ರಿ. ಆದ್ರ ಪ್ಲೇಟ್ ಹ್ಯಾಂಗ ಹಾಕಿಸಿದ್ರಿ, ಅದನ್ನ ಹೇಳಲೇ ಇಲ್ಲಲ್ರಿ?"

ಅವರ ಎಡಗಡೆ, ಮಂದ ಕಿವಿಯ ಕಡೆ ಕೂತಿದ್ದೆ! ಅವರ ಅಂಗಿಯ ಕಿಸೆಯ ಮೇಲೆ ಬೆರಳಿಟ್ಟೆ. ರಹೀಮ್ ಸರ್ ಕೆಳಗೆ ನೋಡಿದರು, ನನ್ನನ್ನು ನೋಡಿದರು. ನಿಧಾನವಾಗಿ ಮಷಿನ್ ತೆಗೆದು, ಅಂಗಿಗೆ ಒರೆಸಿ, ಕಿವಿಗೆ ಏರಿಸಿಕೊಂಡರು.

"ಈಗ ಹೇಳ್ರಿ."

ಹೇಳುವುದು ಏನೂ ಉಳಿದಿರಲಿಲ್ಲ, ಮಗನಿಗಿಂತ ಮೊದಲು ಅಪ್ಪ ತನ್ನದನ್ನು ಹಾಕಿಕೊಂಡಾಗಿತ್ತು. ಅವರಿಗೂ ಅದು ತಿಳಿಯಿತೆಂದು ಕಾಣುತ್ತದೆ, ಮೊದಲು ನಕ್ಕವರು ಅವರೇ. ಇಬ್ಬರೂ ಸ್ಟಾಫ್ ರೂಮು ತಿರುಗಿ ನೋಡುವಷ್ಟು ನಕ್ಕೆವು. ನನ್ನ ಕೈ ಮೇಜಿನ ಮೇಲೇ ಇತ್ತು.